ಬರೆಯ ಕೆಳಗಿನ ಉಸಿರು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಹನುಮಂತಮ್ಮ, ಮೈಲಾರಿಯ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ತೊಡೆಯ ಮೇಲೆ ಮಲಗಿಸಿಕೊಂಡ ನಾಲ್ಕು ತಿಂಗಳ ಹೆಣ್ಣುಕೂಸಿನ ಅಂಗಿ ಎತ್ತಿ ಉಸಿರು ಎಣಿಸುತ್ತಿದ್ದಳು. ಪಕ್ಕದಲ್ಲಿಟ್ಟ ಮೊಬೈಲಿನಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಲೆಕ್ಕ. ನಿಮಿಷ ತುಂಬುವ ಹೊತ್ತಿಗೆ ಅರವತ್ತೆಂಟಾಯಿತು. ಆರೋಗ್ಯವಾಗಿರುವ ಕೂಸು ನಿದ್ದೆಯಲ್ಲಿ ಮೂವತ್ತು, ನಲವತ್ತರ ಆಸುಪಾಸು ಉಸಿರಾಡುತ್ತದೆ. ಈ ವಯಸ್ಸಿನ ಕೂಸಿಗೆ ಕೆಮ್ಮಿದ್ದು, ಉಸಿರು ಐವತ್ತು ಮುಟ್ಟಿದರೆ ಅದನ್ನು ನ್ಯುಮೋನಿಯಾ ಎಂದೇ ಹಿಡಿದು ಹೊರಡಬೇಕು ಎಂದು ಆಶಾ ತರಬೇತಿಯಲ್ಲಿ ಹೇಳಿದ್ದರು.

ಸಂಖ್ಯೆಗಿಂತ ಹೆಚ್ಚು ಅವಳನ್ನು ಹೆದರಿಸಿದ್ದು ಪಕ್ಕೆ. ಕೂಸು ಉಸಿರೆಳೆದಾಗಲೆಲ್ಲ ಎದೆಗೂಡಿನ ಕೆಳಗಂಚು ಒಳಕ್ಕೆ ಕುಸಿದು, ಬೆರಳು ಹುಗಿಯುವಷ್ಟು ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆಗಳು ಅರಳಿ ಮುದುಡುತ್ತಿದ್ದವು. ಹಟ್ಟಿಯ ಜನ ಇದಕ್ಕೆ ಪಕ್ಕೆ ಬಡಿತ ಅನ್ನುತ್ತಾರೆ.

ದೊಡ್ಡವರ ಪಕ್ಕೆಲುಬುಗಳು ಬೆನ್ನಿನಿಂದ ಮುಂದಕ್ಕೆ ಇಳಿಜಾರಾಗಿ ಬಂದಿರುತ್ತವೆ. ಉಸಿರು ಎಳೆದಾಗ ಅವುಗಳ ನಡುವಿನ ಸ್ನಾಯುಗಳು ಬಕೆಟ್ಟಿನ ಹಿಡಿ ಎತ್ತಿದಂತೆ ಅವನ್ನು ಮೇಲೆತ್ತುತ್ತವೆ, ಎದೆ ಅಗಲವಾಗುತ್ತದೆ. ಕೂಸಿನ ಪಕ್ಕೆಲುಬು ಹಾಗಲ್ಲ. ಒಂದರ ಮೇಲೊಂದು ಬಳೆ ಪೇರಿಸಿದಂತೆ ಅಡ್ಡಡ್ಡ ಇರುತ್ತವೆ. ಎಲುಬಿಗಿಂತ ಮೃದ್ವಸ್ಥಿಯೇ ಹೆಚ್ಚು. ಮೇಲೆತ್ತಲು ಜಾಗವೇ ಇಲ್ಲ. ಹಾಗಾಗಿ ಉಸಿರಾಟದ ಭಾರವೆಲ್ಲ ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿರುವ ಒಂದೇ ತೆಳು ಸ್ನಾಯುವಿನ ಮೇಲೆ ಬೀಳುತ್ತದೆ. ಪುಸ್ತಕದಲ್ಲಿ ಅದರ ಹೆಸರು ವಪೆ. ವಪೆ ಕೆಳಗಿಳಿದರೆ ಗಾಳಿ ಒಳಗೆ, ಸಡಿಲಾಗಿ ಮೇಲೇರಿದರೆ ಗಾಳಿ ಹೊರಗೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ನೀರು, ಕೀವು ತುಂಬಿ ಅವು ಬಿಗಿದುಕೊಂಡಾಗ ವಪೆ ಎಷ್ಟು ಜಗ್ಗಿದರೂ ಗಾಳಿ ಸಾಲುವುದಿಲ್ಲ. ಅದು ಜಗ್ಗಿದ ರಭಸಕ್ಕೆ ಮೆತ್ತನೆಯ ಪಕ್ಕೆಯೇ ಒಳಕ್ಕೆ ಹೋಗುತ್ತದೆ. ಕೂಸಿನ ಮೈಮೇಲೆ ಕಾಣುತ್ತಿದ್ದ ಗುಳಿ ಅದು.

ತಾಯಿ ಲಕ್ಷ್ಮೀದೇವಿಗೆ ಇಪ್ಪತ್ತು ವರ್ಷ. ಮೊದಲ ಹೆರಿಗೆ. ಮನೆಯಲ್ಲಿ ಹಿರಿಯರು ಯಾರೂ ಇಲ್ಲ. ಕೂಸು ಬೆಳಗಿನಿಂದ ಮೊಲೆಗೆ ಬಾಯಿ ಹಚ್ಚಿಲ್ಲ ಎಂದಳು. ಹನುಮಂತಮ್ಮ ಅಲ್ಲಿಂದಲೇ ಕೂಸಿನ ಅಪ್ಪ ಮೈಲಾರಿಗೆ ಫೋನ್ ಮಾಡಿದಳು. ಅವನು ತನ್ನ ಲಗೇಜ್ ಆಟೋದಲ್ಲಿ ಭತ್ತದ ಮೂಟೆ ಹೇರಿಕೊಂಡು ಕತ್ತಲಗೆರೆ ಕಡೆ ಹೋಗಿದ್ದ. ಇಳಿಸಿ ಅರ್ಧ ಗಂಟೆಯಲ್ಲಿ ಬರುತ್ತೇನೆಂದ. ಇಳಿಸದೆ ಬಾ ಎಂದು ಇವಳು ಗದರಿದಳು. ತ್ಯಾವಣಿಗೆ ಆಸ್ಪತ್ರೆಯ ಡಾಕ್ಟರಿಗೂ ಒಂದು ಮಾತು ಹೇಳಿ, ಕೂಸನ್ನು ತಾಯಿಯ ಕೈಗೆ ಕೊಟ್ಟಳು. ಹೊರಡುವ ಮೊದಲು ಕೊಡಬೇಕಾದ ಒಂದು ಡೋಸ್ ಔಷಧಿ ಅವಳ ಮನೆಯಲ್ಲಿತ್ತು.

"ತಲೆ ಸ್ವಲ್ಪ ಎತ್ತರಕ್ಕೆ ಇಟ್ಕ. ಬಿಗಿಯಾಗಿ ಸುತ್ತಬ್ಯಾಡ. ಹತ್ತು ನಿಮಿಷದಾಗೆ ಬರ್ತೀನಿ," ಎಂದು ಹೊರಟಳು.

ಈ ಹಟ್ಟಿ ತ್ಯಾವಣಿಗೆಯಿಂದ ಆರೇಳು ಕಿಲೋಮೀಟರು ಒಳಗೆ, ಭದ್ರಾ ನಾಲೆಯ ಆಚೆಗಿದೆ. ಹನುಮಂತಮ್ಮ ಇಲ್ಲಿಗೆ ಸೊಸೆಯಾಗಿ ಬಂದವಳು. ಹುಟ್ಟಿದ್ದು ನ್ಯಾಮತಿ ಕಡೆಯ ಹಳ್ಳಿಯಲ್ಲಿ. ಹೊನ್ನಾಳಿಯ ಹಾಸ್ಟೆಲಿನಲ್ಲಿದ್ದು ಹತ್ತನೇ ತರಗತಿ ಮುಗಿಸಿದಳು. ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿತ್ತು. ಮುಂದೆ ಓದಿಸುವವರಿರಲಿಲ್ಲ, ಮಾರಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಆಶಾ ಕಾರ್ಯಕರ್ತೆಯಾಗಿ ಹದಿಮೂರು ವರ್ಷವಾಯಿತು. ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಬಾಬಾಸಾಹೇಬರ ಫೋಟೋ. ಅದರ ಕೆಳಗೇ ಅತ್ತೆ ಹುಲಿಗೆಮ್ಮನ ಗೋಣಿತಾಟು.

ಹುಲಿಗೆಮ್ಮ ಹಟ್ಟಿಯಲ್ಲಿ ಕೂಸುಗಳಿಗೆ ಬರೆ ಹಾಕುವವಳು. ಪಕ್ಕೆ ಬಡಿಯುವ ಕೂಸನ್ನು ಅವಳ ಮುಂದೆ ತಂದು ಮಲಗಿಸುತ್ತಾರೆ. ಅವಳು ಗಾಜಿನ ಬಳೆಯ ಚೂರನ್ನು ಹಣತೆಯ ಕುಡಿಯಲ್ಲಿ ಕಾಯಿಸಿ, ಗುಳಿ ಬೀಳುವ ಜಾಗದಲ್ಲೇ, ಎರಡೂ ಪಕ್ಕೆಯ ಕೆಳಗೆ ಒಂದೊಂದು, ಹೊಕ್ಕುಳ ಮೇಲೆ ಒಂದು ಗೆರೆ ಎಳೆಯುತ್ತಾಳೆ. ಇದಕ್ಕೆ ಯಾರಿಂದಲೂ ಒಂದು ಎಲೆ ಅಡಿಕೆ ಸಹ ಮುಟ್ಟುವುದಿಲ್ಲ. ಬರೆ ಹಾಕಿದ ಕೂಸು ಸಂಜೆ ದೀಪ ಹಚ್ಚುವ ತನಕ ಹರಿಯುವ ನೀರು ದಾಟಬಾರದು. ದಾಟಿದರೆ ಬರೆಯ ಕಾವು ನೀರಿಗೆ ಹೋಗುತ್ತದೆ ಎಂಬುದು ಅವಳ ಕಟ್ಟಳೆ. ಹಟ್ಟಿಗೂ ಆಸ್ಪತ್ರೆಗೂ ನಡುವೆ ನಾಲೆ ಹರಿಯುತ್ತದೆ. ಈ ಕಟ್ಟಳೆಯನ್ನು ನೆನೆದಾಗಲೆಲ್ಲ ಹನುಮಂತಮ್ಮನಿಗೆ ಹಲ್ಲು ಕಚ್ಚುವಷ್ಟು ಸಿಟ್ಟು ಬರುತ್ತಿತ್ತು. ಬರೆಯಾದರೆ ಚರ್ಮವನ್ನಷ್ಟೇ ಸುಡುತ್ತದೆ, ಈ ಮಾತು ಒಂದು ಇಡೀ ಹಗಲನ್ನು ಸುಡುತ್ತದೆ.

ಸಿಟ್ಟಿಗೆ ಇನ್ನೊಂದು ಕಾರಣ ಇತ್ತು. ಪಕ್ಕೆ ನೋಡುವುದನ್ನು ಅವಳಿಗೆ ಮೊದಲು ಕಲಿಸಿದ್ದು ಅತ್ತೆಯೇ. ಹಿರಿಯ ಮಗ ಕೂಸಾಗಿದ್ದಾಗ ಕೆಮ್ಮಿದ ರಾತ್ರಿ, ಹುಲಿಗೆಮ್ಮ ಅಂಗಿ ಎತ್ತಿ ಎರಡು ಬೆರಳು ಇಟ್ಟು, ಇಲ್ಲಿ ನೋಡು, ಇದು ಒಳಗೆ ಹೋಗ್ತಿಲ್ಲ, ಬರೀ ನೆಗಡಿ ಎಂದಿದ್ದಳು. ಆಮೇಲೆ ತರಬೇತಿಯಲ್ಲಿ ಡಾಕ್ಟರು ಹೇಳಿದ್ದೂ ಅದೇ ಎರಡು ಬೆರಳಿನ ಜಾಗ. ಕಣ್ಣು ಸರಿಯಾಗಿತ್ತು. ರಸ್ತೆ, ಸೇತುವೆ ಇಲ್ಲದ ಕಾಲದಲ್ಲಿ ಎರಡು ಕೂಸುಗಳನ್ನು ಇದೇ ಬಡಿತಕ್ಕೆ ಮಣ್ಣಿಗೆ ಕೊಟ್ಟ ಹೆಂಗಸಿನ ಕಣ್ಣು ಅದು. ಆ ಕಣ್ಣು ಕಂಡದ್ದನ್ನು ಕೈ ಹಾಳು ಮಾಡುತ್ತಿತ್ತು.

ಎರಡು ವರ್ಷದ ಹಿಂದೆ ಹನುಮಂತಮ್ಮ ತ್ಯಾವಣಿಗೆಯ ಜಮೀರನ ಮಟನ್ ಅಂಗಡಿಯಿಂದ ಉಸಿರುಗೊಳವೆಯ ಸಮೇತ ಕುರಿಯ ಶ್ವಾಸಕೋಶ ತಂದಿದ್ದಳು. ಎಲ್ಲೂ ತೂತು ಬೀಳದಂತೆ ಬಿಡಿಸಿಕೊಡು ಎಂದಾಗ ಜಮೀರ್ ಚೂರಿ ನಿಲ್ಲಿಸಿ ಕೇಳಿದ್ದ:

"ಅಕ್ಕಾ, ಅದನ್ನ ಹುರೀತೀರೋ, ಪಂಚರ್ ಹಾಕಾಕೆ ಒಯ್ತೀರೋ?"

ಅಂಗನವಾಡಿಯಲ್ಲಿ ತಾಯಂದಿರ ಸಭೆ. ಅವಳು ಕೊಳವೆಯ ಬಾಯಿಗೆ ಸೈಕಲ್ ಪಂಪಿನ ಪೈಪು ಸಿಕ್ಕಿಸಿ, ದಾರದಲ್ಲಿ ಬಿಗಿದು ಮೆಲ್ಲಗೆ ಒತ್ತಿದಳು. ಒದ್ದೆ ಬಟ್ಟೆಯಂತೆ ಮುದುಡಿ ಬಿದ್ದಿದ್ದ ಮಾಂಸ ಅಂಚಿನಿಂದ ಅಂಚಿಗೆ ಬಿಳಿಗೆಂಪಾಗಿ ಅರಳಿ, ತಟ್ಟೆ ತುಂಬಿ ಹೊರಗೆ ಬಂತು. ಕೆಲವರು ಸೆರಗಿನಿಂದ ಮೂಗು ಮುಚ್ಚಿ ನಕ್ಕರು. ಕೊಳವೆ ಕವಲೊಡೆದು, ಕವಲು ಮತ್ತೆ ಕವಲೊಡೆದು ಇಪ್ಪತ್ತಕ್ಕೂ ಹೆಚ್ಚು ಸಲ ಹೀಗೆ ಸಣ್ಣದಾಗುತ್ತ ಗಾಳಿಗೂಡುಗಳಿಗೆ ಮುಟ್ಟುತ್ತದೆ ಎಂದು ಅವಳು ವಿವರಿಸಿದಳು. ಎಳೆಗೂಸಿನ ದೊಡ್ಡ ಕೊಳವೆಯೇ ಭತ್ತದ ಹುಲ್ಲಿನ ಕಡ್ಡಿಗಿಂತ ತುಸು ದಪ್ಪ, ಐದು ಮಿಲಿಮೀಟರಿನ ಆಸುಪಾಸು. ಒಳಗೋಡೆ ಸುತ್ತಲೂ ಒಂದೇ ಮಿಲಿಮೀಟರು ಊದಿಕೊಂಡರೂ ಗಾಳಿಯ ದಾರಿ ಮೂರನೇ ಒಂದು ಪಾಲಿಗೆ ಬರುತ್ತದೆ, ಎಳೆಯುವ ಕಷ್ಟ ಏಳೆಂಟು ಪಟ್ಟು ಹೆಚ್ಚುತ್ತದೆ ಎಂದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಹುಲಿಗೆಮ್ಮ ಎದ್ದು ಬಂದು, ಉಬ್ಬಿದ ಶ್ವಾಸಕೋಶವನ್ನು ಬೆರಳಿನಿಂದ ಮುಟ್ಟಿ, ಎಷ್ಟು ಮೆತ್ತಗೈತೆ ನೋಡು ಅಂದಿದ್ದಳು. ಮರುವಾರವೇ ಇನ್ನೊಂದು ಕೂಸಿಗೆ ಬರೆ ಹಾಕಿದಳು.

ಈಗ ಹನುಮಂತಮ್ಮ ಮನೆಗೆ ಬಂದಾಗ ಗೋಣಿತಾಟು ಖಾಲಿ ಇತ್ತು. ಔಷಧಿ ಪೆಟ್ಟಿಗೆಗೆ ಕೈ ಹಾಕಿದವಳು ಗೋಡೆಯ ಗೂಡು ನೋಡಿದಳು. ಹಣತೆ ಇರಲಿಲ್ಲ. ಅವಳು ಬಾಟಲಿ ಹಿಡಿದು ಬಂದ ದಾರಿಯಲ್ಲೇ ಓಡಿದಳು. ಮೈಲಾರಿಯ ಮನೆ ಇನ್ನೂ ಮೂರು ಮನೆ ದೂರ ಇರುವಾಗಲೇ ಕೂಸಿನ ಅಳು ಕೇಳಿತು. ಗಾಳಿ ಸಾಲದ ಕೂಸಿನ ಅಳು ಉದ್ದ ಇರುವುದಿಲ್ಲ. ತುಂಡು ತುಂಡಾಗಿ, ನಾಯಿಮರಿ ಕುಂಯ್‌ಗುಟ್ಟಿದ ಹಾಗೆ ಬರುತ್ತದೆ.

ಮೂರನೆಯ ಗೆರೆ ಮುಗಿದಿತ್ತು. ಹುಲಿಗೆಮ್ಮ ಹಣತೆಯ ಕುಡಿ ಚಿವುಟಿ ಆರಿಸುತ್ತಿದ್ದಳು. ಲಕ್ಷ್ಮೀದೇವಿ ಗೋಡೆಗೆ ಮುಖ ಹಾಕಿ ನಿಂತಿದ್ದಳು. ಕರೆಸಿದ್ದು ಅವಳೇ. ಒಬ್ಬಳೇ ಇದ್ದಳು, ಕೂಸಿನ ಗುಳಿ ನೋಡಿ ನೋಡಿ ಹೆದರಿದಳು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಮುದುಕಿ ಹೋಗುತ್ತಿದ್ದಳು.

"ಏನ್ ಮಾಡಿದ್ರಿ ಅತ್ತೆ?"

"ಮಾಡೋದನ್ನ ಮಾಡೀನಿ. ನೀನು ಎಣಿಸ್ತಾ ಕುಂತ್ರೆ ಬಡಿತ ನಿಲ್ತೈತಾ?"

ಹನುಮಂತಮ್ಮ ಕೂಸಿನ ಮುಂದೆ ಕುಕ್ಕರಿಸಿದಳು. ಮಾತಾಡಿದ್ದರೆ ಹೊಡೆಯುವ ಮಟ್ಟಕ್ಕೆ ಹೋಗುತ್ತಿತ್ತು ಎಂದು ಅವಳೇ ಆಮೇಲೆ ಗಂಡನಿಗೆ ಹೇಳಿದಳು. ಅವಳು ಕೂಸಿನ ಹೊಟ್ಟೆ ನೋಡಿದಳು. ಗೆರೆಗಳು ಎದ್ದು ನಿಂತಿದ್ದ ಜಾಗ ಯಾವುದು ಎಂದು ಅವಳಿಗೆ ಗೊತ್ತಿತ್ತು. ವಪೆಯ ಅಂಚು ಪಕ್ಕೆಲುಬುಗಳ ಒಳಮಗ್ಗುಲಿಗೆ ಅಂಟಿಕೊಂಡಿರುವುದು ಅಲ್ಲಿಯೇ. ಆ ಕೂಸಿಗೆ ಉಳಿದಿದ್ದ ಒಂದೇ ಒಂದು ದುಡಿಯುವ ಸ್ನಾಯುವಿನ ಮೇಲಿನ ಚರ್ಮವನ್ನು ಸುಡಲಾಗಿತ್ತು. ಇನ್ನು ಪ್ರತಿ ಉಸಿರಿಗೂ ಹೊಟ್ಟೆ ಉಬ್ಬಬೇಕು, ಉಬ್ಬಿದಾಗಲೆಲ್ಲ ಸುಟ್ಟ ಚರ್ಮ ಎಳೆಯಬೇಕು, ನೋವಿಗೆ ಕೂಸು ಉಸಿರನ್ನು ಅರ್ಧಕ್ಕೇ ಬಿಡಬೇಕು.

ಕೂಸು ಉಗುಳಿದಷ್ಟು ಉಗುಳಿ, ಔಷಧಿಯ ಒಂದಷ್ಟು ಹನಿ ಒಳಗೆ ಹೋಯಿತು. ಹೊರಗೆ ಆಟೋ ಸದ್ದಾಯಿತು. ಮೈಲಾರಿ ಮೂಟೆ ಇಳಿಸದೆಯೇ ಬಂದಿದ್ದ. ನಡೆದದ್ದು ತಿಳಿದು ಅವನು ಮೊದಲು ಕೇಳಿದ್ದು, ಹಾಗಾದರೆ ಸಂಜೆ ತನಕ ನಾಲೆ ದಾಟಬಾರದಲ್ಲವೇ ಎಂದು. ಹುಲಿಗೆಮ್ಮ ಹೌದೆಂದು ತಲೆಯಾಡಿಸಿದಳು. ಹನುಮಂತಮ್ಮ ಯಾರ ಅಪ್ಪಣೆಯನ್ನೂ ಕೇಳದೆ ಕೂಸನ್ನು ಎತ್ತಿಕೊಂಡು ಹೋಗಿ ಆಟೋದ ಹಿಂಬದಿಯಲ್ಲಿ ಮೂಟೆಗಳ ನಡುವೆ ಕೂತಳು. ಲಕ್ಷ್ಮೀದೇವಿ ಓಡಿಬಂದು ಹತ್ತಿದಳು. ಕೂಸೇ ಹೊರಟ ಮೇಲೆ ಅಪ್ಪ ಏನು ಮಾಡಿಯಾನು, ಮೈಲಾರಿ ಗಾಡಿ ಬಿಟ್ಟ.

ಕೊಯ್ಲಿನ ಕಾಲ. ರಸ್ತೆಯ ಒಂದು ಬದಿಯುದ್ದಕ್ಕೂ ಭತ್ತ ಒಣಗಲು ಹರವಿದ್ದರು, ಗಾಳಿಯಲ್ಲಿ ಹೊಟ್ಟಿನ ದೂಳು. ಹನುಮಂತಮ್ಮ ಸೆರಗನ್ನು ಕೂಸಿನ ಮುಖದಿಂದ ಒಂದು ಗೇಣು ಮೇಲೆ ಚಪ್ಪರದಂತೆ ಹಿಡಿದಿದ್ದಳು. ನಾಲೆಯ ಏರಿ ಹತ್ತುವ ಹೊತ್ತಿಗೆ ಕೂಸಿನ ಅಳು ನಿಂತಿತು. ನರಳಾಟವೂ ನಿಂತಿತು. ಕಣ್ಣು ಅರೆಮುಚ್ಚಿತು. ಲಕ್ಷ್ಮೀದೇವಿ ಬಗ್ಗಿ ನೋಡಿ, ಮುಂದಕ್ಕೆ ಕೂಗಿ ಹೇಳಿದಳು, ಸುಮ್ಮನಾದಳು, ಬಡಿತ ಇಳಿದಿದೆ ಎಂದು. ಮೈಲಾರಿ ಸೇತುವೆಯ ಈಚೆಗೆ ಆಟೋ ನಿಲ್ಲಿಸಿ ಇಳಿದು ಬಂದ.

ಹನುಮಂತಮ್ಮ ಎಣಿಸುತ್ತಿದ್ದಳು. ಮೂವತ್ನಾಲ್ಕು ಎಂದಳು.

ಪಟ್ಟಿಯಲ್ಲಿ ನೋಡಿದರೆ ಅದು ಆರೋಗ್ಯವಂತ ಕೂಸಿನ ಲೆಕ್ಕ. ಮೈಲಾರಿ ಅದನ್ನು ಕೇಳಿದವನೇ ಉಸ್ಸಪ್ಪ ಎಂದು ಮೂಟೆಗೆ ಒರಗಿದ. ಮುದುಕಿ ಹೇಳಿದ ಹಾಗೆಯೇ ಆಯಿತಲ್ಲ, ಇನ್ನು ನೀರು ದಾಟಿ ಯಾಕೆ ಕೆಡಿಸಿಕೊಳ್ಳುವುದು, ಸಂಜೆ ದೀಪ ಹಚ್ಚಿ ಆಮೇಲೆ ಬೇಕಾದರೆ ಹೋಗೋಣ ಎಂದ. ಲಕ್ಷ್ಮೀದೇವಿ ಮಗಳ ಹಣೆ ಸವರುತ್ತ ಹೂಂ ಅಂದಳು.

ಹನುಮಂತಮ್ಮನಿಗೆ ಗೊತ್ತಿತ್ತು. ಅರವತ್ತೆಂಟರಿಂದ ಒಂದು ಗಂಟೆಯೊಳಗೆ ಮೂವತ್ನಾಲ್ಕಕ್ಕೆ ಯಾವ ನ್ಯುಮೋನಿಯಾವೂ ವಾಸಿಯಾಗಿ ಇಳಿಯುವುದಿಲ್ಲ. ಕೂಸಿನ ವಪೆಯಲ್ಲಿ ದಣಿವು ತಡೆದು ದುಡಿಯುವ ಎಳೆಗಳು ದೊಡ್ಡವರಲ್ಲಿ ಇರುವಷ್ಟು ಇರುವುದಿಲ್ಲ. ಅದು ಓಡುವಷ್ಟು ಓಡಿ, ಆಮೇಲೆ ಕೈಚೆಲ್ಲುತ್ತದೆ. ಆಗ ಉಸಿರು ನಿಧಾನವಾಗುತ್ತದೆ, ಕೂಸು ಸುಮ್ಮನಾಗುತ್ತದೆ, ಮನೆಯವರು ಗುಣವಾಯಿತು ಎಂದು ಸಮಾಧಾನಪಡುತ್ತಾರೆ. ಇದೇ ಸಮಾಧಾನದಲ್ಲಿ ಹಟ್ಟಿಯ ಎಷ್ಟು ಕೂಸುಗಳು ಸಂಜೆ ದೀಪ ಕಾಯುತ್ತ ಹೋಗಿದ್ದವು ಎಂದು ಯೋಚಿಸಿದರೆ ಅವಳಿಗೆ ಮೈ ಉರಿಯುತ್ತಿತ್ತು.

ಅವಳು ಮೈಲಾರಿಯ ಬಲಗೈ ಹಿಡಿದು ಎಳೆದು, ಹೆಬ್ಬೆರಳನ್ನು ಕೂಸಿನ ಎದೆಯ ಮೇಲೂ ಕಿರುಬೆರಳನ್ನು ಬರೆ ಇಲ್ಲದ ಕಡೆ ಹೊಟ್ಟೆಯ ಮೇಲೂ ಇಟ್ಟು ಒತ್ತಿ ಹಿಡಿದಳು. ಹೊಟ್ಟೆ ಏರಿದಾಗ ಎದೆ ತಗ್ಗುತ್ತಿತ್ತು, ಹೊಟ್ಟೆ ತಗ್ಗಿದಾಗ ಎದೆ ಏರುತ್ತಿತ್ತು. ಎರಡೂ ಒಟ್ಟಿಗೆ ಏಳಬೇಕಾದವು.

"ಗೊತ್ತಾಯ್ತಾ? ಏತದಂಗೆ ಆಡ್ತೈತೆ. ನೀನು ಮೂಟೆ ಹೊರೋನು ಮೈಲಾರಿ. ಬೆಳಿಗ್ಗಿಂದ ಹೊತ್ತು ಹೊತ್ತು ಕಾಲು ನಡುಗಿದೋನು ನಿಧಾನ ನಡದ್ರೆ, ಮೂಟೆ ಹಗುರ ಆಯ್ತು ಅಂತೀಯಾ?"

ಅವನು ಕೈ ತೆಗೆಯಲಿಲ್ಲ. ಕಿರುಬೆರಳ ಕೆಳಗಿನ ಚಲನೆ ಒಂದು ಕ್ಷಣ ನಿಂತು ಮತ್ತೆ ಶುರುವಾದದ್ದು ಅವನಿಗೂ ತಿಳಿಯಿತು.

"ನೀರಿನ ಪಾಪ ನನಗಿರ್ಲಿ. ಗಾಡಿ ಬಿಡು."

ಅವನು ಗಾಡಿ ಬಿಟ್ಟ. ಸೇತುವೆ ದಾಟುವಾಗ ಲಕ್ಷ್ಮೀದೇವಿ ಕಣ್ಣು ಮುಚ್ಚಿಕೊಂಡಳು. ಆಚೆಯ ರಸ್ತೆ ಹಾಳು ರಸ್ತೆ. ಹನುಮಂತಮ್ಮ ಕೂಸಿನ ಭುಜದ ಕೆಳಗೆ ಮಡಿಸಿದ ಟವೆಲ್ ಇಟ್ಟು, ಕತ್ತು ಮುಂದಕ್ಕೂ ಬಾಗದ, ಹಿಂದಕ್ಕೂ ಬಾಗದ ಹಾಗೆ ನೇರ ಹಿಡಿದಳು. ಎಳೆಗೂಸಿನ ತಲೆಯ ಹಿಂಭಾಗ ದೊಡ್ಡದು; ಅಂಗಾತ ಮಲಗಿಸಿದರೆ ಗದ್ದ ಎದೆಗೆ ಬಾಗಿ ಮೆದು ಕೊಳವೆ ಮಡಚಿಕೊಳ್ಳುತ್ತದೆ. ಅಂಗಾಲಿಗೆ ಚಿಟಿಕೆ ಹೊಡೆದಾಗ ಕೂಸು ಒಂದು ಉಸಿರು ಎಳೆಯುತ್ತಿತ್ತು, ಮತ್ತೆ ಮರೆಯುತ್ತಿತ್ತು. ಕೊನೆಗೆ ಅವಳು ಕೂಸಿನ ಮೂಗು ಬಾಯಿ ಎರಡನ್ನೂ ತನ್ನ ಬಾಯಿಂದ ಮುಚ್ಚಿ ಊದಿದಳು. ಹೆರಿಗೆ ಕೋಣೆಯಲ್ಲಿ ನರ್ಸ್ ಒಮ್ಮೆ ಹೇಳಿಕೊಟ್ಟದ್ದು. ಅಷ್ಟು ಸಣ್ಣ ಕೂಸಿನ ಶ್ವಾಸಕೋಶ ಒಂದು ಸಲಕ್ಕೆ ತೆಗೆದುಕೊಳ್ಳುವುದು ಅರ್ಧ ಟೀ ಲೋಟದಷ್ಟು ಗಾಳಿ; ದೊಡ್ಡವರು ಎದೆಯಿಂದ ಊದಿದರೆ ಅದು ಹರಿದುಹೋಗುತ್ತದೆ, ಕೆನ್ನೆಯಲ್ಲಿ ಹಿಡಿಸುವಷ್ಟೇ ಸಾಕು. ಊದುವುದು, ಎಣಿಸುವುದು, ಎಣಿಸಿದ್ದನ್ನು ಮುಂದಕ್ಕೆ ಕೂಗಿ ಹೇಳುವುದು, ದಾರಿಯುದ್ದಕ್ಕೂ ಇದೇ ಆಯಿತು. ಮೈಲಾರಿ ಹಿಂತಿರುಗಿ ನೋಡಲಿಲ್ಲ. ಒಣಗಲು ಹಾಕಿದ್ದ ಭತ್ತದ ಮೇಲೆಯೇ ಚಕ್ರ ಹತ್ತಿಸಿಕೊಂಡು ಹೋದ, ಭತ್ತದವರು ಬೈದರು.

ತ್ಯಾವಣಿಗೆಯಲ್ಲಿ ಡಾಕ್ಟರ್ ಅಫ್ಶೀನ್ ಬಾಗಿಲಲ್ಲೇ ನಿಂತಿದ್ದರು. ಕೂಸನ್ನು ಕಸಿದುಕೊಂಡು ಮುಖಕ್ಕೆ ಮಾಸ್ಕ್ ಒತ್ತಿ, ರಬ್ಬರ್ ಬ್ಯಾಗ್ ಹಿಸುಕಿ ಆಮ್ಲಜನಕ ಕೊಟ್ಟರು. ನೀಲ ತುಟಿಗೆ ಬಣ್ಣ ಬರಲು ಬಹಳ ಹೊತ್ತು ಬೇಕಾಯಿತು. ಆಮೇಲೆ ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಕಳಿಸುವಾಗ, ಡಾಕ್ಟರು ಬರೆಗಳ ಮೇಲೆ ಹತ್ತಿಬಟ್ಟೆ ಹೊದಿಸುತ್ತ ತಲೆಯೆತ್ತದೆ ಕೇಳಿದರು:

"ಯಾರಮ್ಮ ಇದನ್ನ ಮಾಡಿದ್ದು?"

ಲಕ್ಷ್ಮೀದೇವಿ ನೆಲ ನೋಡಿದಳು. ಮೈಲಾರಿ ಬಾಗಿಲು ನೋಡಿದ.

"ನಮ್ಮತ್ತೆ ಮೇಡಂ," ಎಂದಳು ಹನುಮಂತಮ್ಮ.

ಕೂಸು ಬದುಕಿತು. ಒಂದು ವಾರದ ಮೇಲೆ ಆಸ್ಪತ್ರೆಯಿಂದ ಬಂತು. ಆದರೆ ಹನುಮಂತಮ್ಮನ ಆ ಎರಡು ಮಾತಿಗೆ, ಡಾಕ್ಟರು ತಿಳಿಸಿದ ಮೇಲೆ, ಪೊಲೀಸರು ಹಟ್ಟಿಗೆ ಬಂದರು. ಮುದುಕಿಯನ್ನು ಕೂರಿಸಿಕೊಂಡು, ಇನ್ನೊಮ್ಮೆ ಹೀಗಾದರೆ ಕೇಸು ಹಾಕುತ್ತೇವೆ ಎಂದು ಎಚ್ಚರಿಸಿ ಹೋದರು. ಅತ್ತೆಯನ್ನು ಜೈಲಿಗೆ ಕಳಿಸಲು ಹೊರಟ ಸೊಸೆ ಎಂದು ನಲ್ಲಿಯ ಹತ್ತಿರ ಹೆಂಗಸರು ಇವಳಿಗೆ ಕೇಳುವ ಹಾಗೆಯೇ ಆಡಿಕೊಂಡರು. ಹುಲಿಗೆಮ್ಮ ಸೊಸೆಯ ಕೈಯ ಊಟ ಬಿಟ್ಟು ತಾನೇ ಬೇರೆ ಒಲೆ ಹೂಡಿದಳು. ಮಾರಪ್ಪ ಇಬ್ಬರ ನಡುವೆ ಸಿಕ್ಕಿಬಿದ್ದ. ನೀನು ಹೇಳಿದ್ದು ಸುಳ್ಳಲ್ಲ, ಆದರೆ ಮನೆಯಲ್ಲಿ ಹೆಂಗೆ ಇರೋದು ಹೇಳು ಎಂದು ಒಂದು ದಿನ ಕೇಳಿದ. ಹನುಮಂತಮ್ಮ, ಇದ್ದ ಹಂಗೇ ಇರೋದು ಎಂದಳು. ಅವಳ ಸಿಟ್ಟು ಇಳಿದಿರಲಿಲ್ಲ. ಇಳಿಯದಿರಲು ಕಾರಣವೂ ಇತ್ತು: ಹಟ್ಟಿಯಲ್ಲಿ ಈಗ ಹೊಸ ಮಾತೊಂದು ಹುಟ್ಟಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಆಸ್ಪತ್ರೆಯೂ ಸರಿ, ಬರೆಯೂ ಸರಿ. ಬರೆ ಬಿದ್ದದ್ದರಿಂದಲೇ ಕೂಸಿನ ಜೀವ ಆಸ್ಪತ್ರೆ ಮುಟ್ಟುವ ತನಕ ಗಟ್ಟಿ ನಿಂತಿತ್ತು.

ಆ ಮಾತು ಫಲ ಕೊಟ್ಟಿದ್ದು ಎರಡು ತಿಂಗಳ ಮೇಲೆ. ಜಗಳೂರಿಗೆ ಕೊಟ್ಟಿದ್ದ, ಹಟ್ಟಿಯ ಜಯಪ್ಪನ ಮಗಳು ಹೇಮಾವತಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳ ಕೂಸಿಗೆ ಕೆಮ್ಮು ಹತ್ತಿ ಪಕ್ಕೆ ಬಡಿಯತೊಡಗಿತು. ಹನುಮಂತಮ್ಮ ಬೆಳಿಗ್ಗೆ ಹೋಗಿ ನೋಡಿ, ಕೂಡಲೇ ಹೊರಡಿ ಎಂದು ಹೇಳಿ, ಮೈಲಾರಿಗೆ ಆಟೋ ತರಲು ಫೋನ್ ಮಾಡಿದ್ದಳು. ಜಯಪ್ಪ ಆಯಿತು ಆಯಿತು ಎಂದ. ಅವಳು ಅಂಗನವಾಡಿಯ ತನಕ ಹೋಗಿ ತಿರುಗಿ ಬರುವಷ್ಟರಲ್ಲಿ ಹುಲಿಗೆಮ್ಮ ಅವನ ಜಗಲಿಯ ಮೇಲೆ ಕೂತಿದ್ದಳು. ಕರೆಸಿದ್ದು ಜಯಪ್ಪ. ಪೊಲೀಸರ ಮಾತು ತಾನು ನೋಡಿಕೊಳ್ಳುತ್ತೇನೆ ಎಂದು ಧೈರ್ಯ ಕೊಟ್ಟಿದ್ದ. ಬಳೆಯ ಚೂರು ಮುದುಕಿಯ ಮಡಿಲಲ್ಲಿತ್ತು. ಎರಡು ಬೆರಳು ಕೂಸಿನ ಪಕ್ಕೆಯ ಕೆಳಗಿದ್ದವು.

ಹನುಮಂತಮ್ಮ ಮೆಟ್ಟಿಲು ಹತ್ತದೆ ಅಂಗಳದಲ್ಲೇ ನಿಂತಳು. ಸಿಟ್ಟಿಗೆ ಅವಳ ದನಿ ಏರಲಿಲ್ಲ, ಇನ್ನೂ ತಗ್ಗಿತು.

"ಕೈ ತೆಗೀರಿ ಅತ್ತೆ."

"ಯಾಕೆ ತೆಗೀಬೇಕು?" ಎಂದ ಜಯಪ್ಪ. "ಮೈಲಾರಿ ಮಗಳು ಉಳಿದಿದ್ದು ಹೆಂಗೆ? ಬರೆ ಬಿದ್ದಿದ್ದಕ್ಕೇ ಅಲ್ಲೇನವಾ ದವಾಖಾನೆ ತನಕ ಉಸಿರು ನಿಂತಿದ್ದು? ನಾನೂ ಬರೆ ಹಾಕಿಸ್ತೀನಿ, ಸಂಜೆ ದೀಪ ಹಚ್ಚಿ ದವಾಖಾನೆಗೂ ಒಯ್ತೀನಿ. ನಿಂದೇನು ಗಂಟು ಹೋಗ್ತೈತೆ?"

ಅವಳು ಹೇಳಿದಳು. ಸ್ನಾಯು ಎಂದಳು, ದಣಿವು ಎಂದಳು, ಸುಟ್ಟ ಚರ್ಮದ ಕೆಳಗೆ ಉಸಿರು ಅರ್ಧವಾಗುತ್ತದೆ ಎಂದಳು, ಸಂಜೆ ಎನ್ನುವುದು ಈ ಕೂಸಿಗೆ ಬಹಳ ದೂರ ಎಂದಳು. ಜಯಪ್ಪ ನಗುತ್ತಿದ್ದ. ನೀನು ಓದಿದವಳವ್ವ, ಕುರಿ ಶ್ವಾಸಕೋಶಕ್ಕೆ ಗಾಳಿ ಹೊಡೆದವಳು ಎಂದ. ಜಗಲಿಯ ಮೇಲಿದ್ದ ಇನ್ನಿಬ್ಬರೂ ನಕ್ಕರು. ಹೇಮಾವತಿ ಬಾಗಿಲ ಚೌಕಟ್ಟು ಹಿಡಿದು ಒಮ್ಮೆ ಅಪ್ಪನನ್ನೂ ಒಮ್ಮೆ ಮುದುಕಿಯ ಬೆರಳುಗಳನ್ನೂ ನೋಡುತ್ತಿದ್ದಳು.

ಅಷ್ಟರಲ್ಲಿ ಮೈಲಾರಿಯ ಆಟೋ ಬಂದು ನಿಂತಿತ್ತು. ಅವನು ಇಷ್ಟು ದಿನ ಈ ವಿಷಯದಲ್ಲಿ ಬಾಯಿ ಬಿಟ್ಟವನಲ್ಲ. ಜಯಪ್ಪನ ಹೊಲದ ಭತ್ತ ಹೇರುವುದರಿಂದಲೇ ಅವನ ಗಾಡಿ ನಡೆಯುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ಹನುಮಂತಮ್ಮನನ್ನು ಆಡಿಕೊಂಡಾಗಲೂ ತಲೆ ತಗ್ಗಿಸಿ ಹೋಗಿದ್ದ. ಅದಕ್ಕೂ ಅವಳಿಗೆ ಅವನ ಮೇಲೆ ಸಿಟ್ಟಿತ್ತು. ಈಗ ಅವನು ಎಂಜಿನ್ ಆರಿಸದೆ ಇಳಿದು ಬಂದು ಅವಳ ಪಕ್ಕದಲ್ಲಿ ನಿಂತ.

"ಜಯಪ್ಪಣ್ಣ, ಬರೆ ಉಸಿರು ಹಿಡಿದಿತ್ತು ಅಂತ ಹೇಳಾಕೆ ನೀನು ಆ ಗಾಡೀಲಿ ಇದ್ದೇನು? ಓಡಿಸ್ತಿದ್ದೋನು ನಾನು. ಅಕ್ಕ ಹಿಂದಿನಿಂದ ಎಣಿಸಿ ಎಣಿಸಿ ಕೂಗ್ತಿದ್ಲು. ನಾಲೆ ಈ ಕಡೆ ಗುಣ ಆಯ್ತು ಅಂತ ನಾನೇ ಗಾಡಿ ನಿಲ್ಸಿದ್ದೆ, ಮೂವತ್ನಾಲ್ಕು ಅಂದ್ಲು. ಅದರ ಮೇಲೂ ಅದು ಇಳೀತಾನೇ ಹೋಯ್ತು. ನನ್ನ ಮಗಳು ಅದು."

ಜಯಪ್ಪ ನಗು ಬಿಟ್ಟು ಮುದುಕಿಯ ಕಡೆ ನೋಡಿದ. ಹುಲಿಗೆಮ್ಮ ತಲೆ ಎತ್ತಿದಳು. ಅವಳ ಬೆರಳು ಇನ್ನೂ ಕೂಸಿನ ಪಕ್ಕೆಯ ಕೆಳಗಿನ ಗುಳಿಯಲ್ಲೇ ಇತ್ತು, ಗುಳಿಯೊಂದಿಗೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಸೊಸೆಯ ಕಡೆ ನೋಡದೆ ಮೈಲಾರಿಯನ್ನು ಕೇಳಿದಳು.

"ಕೊನೇಗೆ ಎಷ್ಟು ಅಂತ ಕೂಗಿದ್ಲು?"

ಮೈಲಾರಿ ಹೇಳಿದ.

"ನಿಮಿಷಕ್ಕೆ ಒಂಬತ್ತು."